ಇತರೆ ಎಂಬ ಫೋಲ್ಡರ್

ದೇವದುರ್ಗದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ಬಸುರಿಯರ ಕುಬಸ, ಏನಿದ್ದರೂ ಕ್ಯಾಮೆರಾ ಹೊತ್ತು ಹೋಗುವವನು ನಾನು. ಹುಟ್ಟಾ ಸಂಶಯದವನು. ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುತ್ತೇನೆ. ಬೀಗ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುತ್ತೇನೆ. ಹೆಂಡತಿ ನನ್ನನ್ನು ಸಂಶಯ ಪಿಶಾಚಿ ಅನ್ನುತ್ತಾಳೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ಅಂತ ನನ್ನ ವಾದ.

ಕಪಾಟಿನಲ್ಲಿದ್ದ ಹಾರ್ಡ್ ಡಿಸ್ಕುಗಳು ಒಂದೊಂದಾಗಿ ಕೈಕೊಡತೊಡಗಿದಾಗ, ರಾಯಚೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ತಂಗಿಯ ಮಗಳು ಒಂದು ಪ್ರೋಗ್ರಾಂ ಬರೆದುಕೊಟ್ಟಳು. ಡಿಸ್ಕಿನಲ್ಲಿದ್ದ ಫೈಲುಗಳನ್ನು ಅದು ಇಂಟರ್ನೆಟ್ ಮೂಲಕ ಕ್ಲೌಡಿನ ಉಗ್ರಾಣಕ್ಕೆ ಕಳಿಸುತ್ತದೆ. ದಿನಾ ಬೇಕಾಗದ, ಆದರೆ ಕಳೆಯಲೂ ಬಾರದ ಫೈಲುಗಳಿಗಾಗಿಯೇ ಇರುವ ಉಗ್ರಾಣ. ವಾಪಸು ಕೇಳಿದರೆ ಅರ್ಧ ದಿನ ಕಾಯಬೇಕು.

"ಅಷ್ಟೊತ್ತು ಏನ್ ಮಾಡ್ತಾರ ಅವ್ರು?" ಎಂದೆ.

"ಮಾಮಾ, ನೆಲದಾಗ ತೋಡಿದ ಹಗೇವಿನ್ಯಾಗಿನ ಜೋಳ ಕೇಳಿದ ಕೂಡ್ಲೇ ಸಿಗ್ತದೇನು? ಬಾಯಿ ತಗೀಬೇಕು, ಒಳಗಿನ ಕಾವು ಹೋಗಬೇಕು. ಹಂಗ ಅಂತ ತಿಳ್ಕೋ."

"ಹಗೇವು ನಮ್ಮ ಅಂಗಳದಾಗ ಇರ್ತದ. ಇದು ಯಾರ ಅಂಗಳದಾಗ ಅದ?"

ಅವಳು ನಕ್ಕಳು. ಒಂದೊಂದು ಫೈಲ್ ಹೋದಾಗಲೂ ಪರದೆಯ ಮೇಲೆ 'ತಲುಪಿತು' ಅಂತ ಬರುತ್ತಿತ್ತು. ಹೇಳುವುದಕ್ಕೇನು, ಯಾರು ಬೇಕಾದರೂ ಹೇಳಬಹುದು! ಕಡೆಗೆ ಅವಳು, ಇಲ್ಲಿದ್ದ ಫೈಲಿನದೊಂದು ಅಕ್ಷರ-ಅಂಕಿಗಳ ಉದ್ದನೆಯ ಗುರುತು, ಅಲ್ಲಿಗೆ ಮುಟ್ಟಿದ್ದರದೊಂದು ಗುರುತು, ಎರಡೂ ತಾಳೆಯಾಗುವುದನ್ನು ತೋರಿಸಿದಳು. ಮೊದಲ ಹತ್ತು ಗುರುತುಗಳನ್ನು ಪೆನ್ನಿನಲ್ಲಿ ಬರೆದುಕೊಂಡು ಅಕ್ಷರ ಅಕ್ಷರ ಹೋಲಿಸಿದೆ. ಎಲ್ಲವೂ ಸರಿಯಿದ್ದವು. ಅಷ್ಟು ಸರಿಯಾಗಿದ್ದದ್ದೇ ನನಗೆ ಸರಿಬರಲಿಲ್ಲ.

"ಕಳಸಬಾರದ ಫೋಲ್ಡರ್ ಯಾವುದರ ಇದ್ರ ಈ ಪಟ್ಟಿಯೊಳಗ ಬರಿ. ಪ್ರೋಗ್ರಾಂ ಅವನ್ನ ಮುಟ್ಟಂಗಿಲ್ಲ," ಎಂದಳು.

ಪ್ರತಿ ಮದುವೆಯಲ್ಲೂ ನಾನು 'ಇತರೆ' ಅಂತ ಒಂದು ಫೋಲ್ಡರ್ ಮಾಡುತ್ತೇನೆ. ಅಡುಗೆ ಮಾಡುವ ಕಡೆಯದು, ತಲೆ ಬಾಚಿಕೊಳ್ಳುತ್ತ ಕೂತ ಹೆಂಗಸರದು, ಸಿನಿಮಾದಂತೆ ಕೂಡಿಸಿ ಕೊಡುವ ವಿಡಿಯೊಗೆ ಬೇಡವಾದದ್ದೆಲ್ಲ ಅದರಲ್ಲಿ. ನಮ್ಮ ಹೆಣ್ಣುಮಕ್ಕಳು ಹಾಗೆ ಕೂತದ್ದನ್ನು ಎಲ್ಲಿಯವರೋ ಯಾಕೆ ನೋಡಬೇಕು? ಪಟ್ಟಿಯಲ್ಲಿ 'ಇತರೆ' ಅಂತ ಬರೆದೆ. ಎಲ್ಲಾ ಕಳಿಸು ಅಂತ ಅವಳೆಂದರೂ ಕೇಳಲಿಲ್ಲ. ಅವನ್ನೆಲ್ಲ ಒಂದೇ ಡಿಸ್ಕಿಗೆ ತುಂಬಿ, ಬಟ್ಟೆ ಸುತ್ತಿ, ಕಪಾಟಿಗೆ ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಆಮೇಲೆ ನೆಮ್ಮದಿಯಾಯಿತು.

ಹೋದ ಬೇಸಿಗೆಯಲ್ಲಿ ಕಲ್ಲೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಕವಿತಾಳದಲ್ಲಿ ಆದ ಅವಳ ಮದುವೆಯನ್ನು ನಾನೇ ಕ್ಯಾಮೆರಾದಲ್ಲಿ ಹಿಡಿದಿದ್ದೆ. ಕೊಟ್ಟಿದ್ದ ಪೆನ್ ಡ್ರೈವ್ ಮನೆ ಬದಲಿಸುವಾಗ ಕಳೆದಿತ್ತು. ತಾಯಿ ತೀರಿಕೊಂಡು ತಿಂಗಳಾಗಿತ್ತಂತೆ.

"ಅಣ್ಣಾ, ಅವ್ವಂದು ಒಂದು ನೆಟ್ಟನ ಫೋಟೊ ಇಲ್ರೀ. ಆಧಾರ್ ಕಾರ್ಡಿನ್ಯಾಗ ಮುಖಾನ ತಿಳಿಯಂಗಿಲ್ಲ. ಮದಿವ್ಯಾಗ ನೀವು ಆಕಿನ್ನ ಹಿಡದಿದ್ರಿ. ನಾ ನೋಡೀನಿ."

ಮುಂಜಾನೆ ಕ್ಲೌಡಿಗೆ ಕೇಳಿಕೆ ಕಳಿಸಿದೆ. ಬರದೇ ಹೋದರೆ ನನ್ನ ಮಾತೇ ನಿಜವಾಗುತ್ತದಲ್ಲ ಅಂತ ಒಳಗೊಳಗೇ ಒಂದು ಆಸೆಯೂ ಇತ್ತು. ನೆನೆದರೆ ಈಗ ನಾಚಿಕೆಯಾಗುತ್ತದೆ. ಸಂಜೆಯ ಹೊತ್ತಿಗೆ ಬಂತು. ಗುರುತುಗಳೆಲ್ಲ ತಾಳೆಯಾದವು. ಕಳಿಸಿದ್ದರಲ್ಲಿ ಒಂದೂ ಕಳೆದಿರಲಿಲ್ಲ.

ಮರುದಿನ ಇಬ್ಬರೂ ಕೂತು ನೋಡಿದೆವು. ಅರಿಶಿಣದಲ್ಲಿ ತಾಯಿ ಇಲ್ಲ. ಅಕ್ಕಿಕಾಳು ಹಾಕುವಾಗಲೂ ಇಲ್ಲ.

"ಅಪ್ಪ ಇರಲಿಲ್ಲಲ್ರೀ, ಅವ್ವ ಸ್ಟೇಜ್ ಮ್ಯಾಲ ಬರಲಿಲ್ಲ," ಎಂದಳು. "ಅಡಿಗಿ ಮಾಡೋ ಕಡೆ, ಹಂದರದ ಕಂಬದ ಹಿಂದ ನಿಂತಿದ್ದಳು."

ನನಗೆ ಆಗ ನೆನಪಾಯಿತು. ಕ್ಯಾಮೆರಾ ತಿರುಗಿಸಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು ಆಕೆ. ಅದನ್ನು ಇತರೆಗೆ ಹಾಕಿದ್ದೆ.

ಕಪಾಟು ತೆಗೆದು ಡಿಸ್ಕ್ ಜೋಡಿಸಿದೆ. ಟಿಕ್ ಟಿಕ್ ಅಂದು ಸುಮ್ಮನಾಯಿತು. ರಾಯಚೂರಿಗೆ ಒಯ್ದು ರಿಪೇರಿಯವರಿಗೆ ತೋರಿಸಿದೆ. ಬಿಚ್ಚಿ ನೋಡಿ, ಒಳಗೆ ಏನೂ ಉಳಿದಿಲ್ಲ ಅಂದರು. ವಾರದ ಮೇಲೆ ಅವಳು ಮತ್ತೆ ಬಂದಾಗ ಏನನ್ನೂ ಮುಚ್ಚಿಡದೆ ಹೇಳಿದೆ. "ತಪ್ಪು ನಂದ ಯವ್ವಾ. ಮಂದಿನ್ನ ನಂಬಲಿಲ್ಲ ನಾ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಮದಿವಿ ವಿಡಿಯೊ ಇನ್ನೊಮ್ಮೆ ಹಚ್ಚರಿ," ಎಂದಳು. ಅಕ್ಕಿಕಾಳಿನ ಹೊತ್ತು ಬಂದಾಗ, "ಇಲ್ಲಿ ನಿಲ್ಲಸ್ರಿ," ಎಂದಳು. ಪರದೆಯ ಅಂಚಿನಲ್ಲಿದ್ದ ಕಂಬದ ಮೇಲೆ ಬೆರಳಿಟ್ಟಳು.

"ಈಗ ನಮ್ಮವ್ವ ಇದರ ಹಿಂದ ಅದಾಳ್ರೀ."

ನಾನೂ ಬಗ್ಗಿ ನೋಡಿದೆ. ಕಂಬ, ಅದಕ್ಕೆ ಕಟ್ಟಿದ ಬಾಳೆಗಿಡ ಅಷ್ಟೇ ಕಂಡವು. ಅವಳು ಬೆರಳು ತೆಗೆಯಲಿಲ್ಲ.