ಬುಟ್ಟಿಯ ಕೆಳಗಿನ ಮರಿ ಮತ್ತು ಫೋಟೊ ನಂಬರ್ ೪೩೧೨

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ವಾರ ತುಕ್ಕಾನಟ್ಟಿಯಲ್ಲಿ ಒಬ್ಬ ಹೆಂಗಸನ್ನು ಎಂಟು ಜನರೆದುರು ಮರಿಗಳ್ಳಿ ಎಂದೆ. ಸಾಲದ್ದಕ್ಕೆ ಅವರ ನಡಿಗೆಯ ಮಿಮಿಕ್ರಿಯನ್ನೂ ಮಾಡಿದೆ. (ಚಪ್ಪಾಳೆ ಬಂತು. ಅದೇ ಅನಾಹುತ.)

ಅಲ್ಲಿ ನನ್ನ ಸಿದ್ದಪ್ಪ ಕಾಕಾನ ಕುರಿಗಳೂ ಪಕ್ಕದ ಮನೆಯ ಲಕ್ಕವ್ವನ ಕುರಿಗಳೂ ಒಂದೇ ಹಿಂಡಾಗಿ ಮೇಯುತ್ತವೆ. ತಾಯಿಕುರಿಗಳು ಅಡವಿಗೆ ಹೋದಾಗ ಎಳೆಮರಿಗಳನ್ನು ಬೇವಿನ ಗಿಡಕ್ಕೂ ಗೋಡೆಗೂ ನಡುವಿನ ಅಂಗಳದಲ್ಲಿ ಬಿದಿರುಬುಟ್ಟಿಯ ಕೆಳಗೆ ಮುಚ್ಚಿಡುತ್ತಾರೆ. ಆ ಬುಟ್ಟಿಯಿಂದ ಕಾಕಾನ ಎರಡು ಮರಿ ಮಾಯವಾಗಿದ್ದವು. ಕಾಕಾನಿಗೆ ಊರೆಲ್ಲದರ ಮೇಲೆ ಗುಮಾನಿ. ನನ್ನ ಮೇಲೂ. ("ನೀ ಮಟನ್ ಭಾಳ ತಿಂತಿ!")

ಹುಕ್ಕೇರಿಯ ಗೆಳೆಯನ ಕ್ಯಾಮೆರಾ, ಗೋಕಾಕದ ನನ್ನ ಲ್ಯಾಪ್‌ಟಾಪ್ ಎರಡನ್ನೂ ಹೊತ್ತು ಹೋದೆ. ಬುಟ್ಟಿಯತ್ತ ತಿರುಗಿಸಿಟ್ಟ ಕ್ಯಾಮೆರಾದಿಂದ ಸೆಕೆಂಡಿಗೊಂದು ಫೋಟೊ, ನೇರ ಲ್ಯಾಪ್‌ಟಾಪಿನ ಡಿಸ್ಕಿಗೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಮೂಡಲಗಿ ಪೇಟೆ ಸುತ್ತಲು ಹೋದೆ. ಮೂರಕ್ಕೆ ಬಂದು ನೋಡಿದರೆ ಡಿಸ್ಕ್ ಫುಲ್! ಕ್ಯಾಮೆರಾ ಕ್ಲಿಕ್ಕಿಸುತ್ತಲೇ ಇದೆ, ಒಂದೂ ಉಳಿಯುತ್ತಿಲ್ಲ. ಎಷ್ಟೊತ್ತಿನಿಂದ? ಯಾರು ನೋಡುತ್ತಾರೆ! ನನ್ನ ಹಳೇ ಮಿಮಿಕ್ರಿ ವಿಡಿಯೊಗಳನ್ನು ಅಳಿಸಿ ಜಾಗ ಮಾಡಿದೆ. (ಜಗತ್ತಿಗೇನೂ ನಷ್ಟವಿಲ್ಲ.) ಸೇವ್ ಆಗುವುದು ಮತ್ತೆ ಶುರುವಾಯಿತು. ನಂಬರೂ ಬಿಟ್ಟಲ್ಲಿಂದಲೇ ಮುಂದುವರಿಯಿತು. ನಾನು ಚಹಾ ಕುಡಿದು ಅದನ್ನು ಮರೆತೆ. ಅಂಗಳದ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಮೂರನೇ ಮರಿಯೂ ಇಲ್ಲ.

ಎಲ್ಲರೂ ಲ್ಯಾಪ್‌ಟಾಪ್ ಸುತ್ತ ನೆರೆದರು. ೪೩೧೧ರಲ್ಲಿ ಲಕ್ಕವ್ವ ಬುಟ್ಟಿಯ ಮೇಲೆ ಬಗ್ಗಿದ್ದಾರೆ. ೪೩೧೨ರಲ್ಲಿ ಬುಟ್ಟಿ ಮಗುಚಿದೆ, ಮರಿ ಇಲ್ಲ, ಲಕ್ಕವ್ವನೂ ಇಲ್ಲ.

ಪಕ್ಕಪಕ್ಕದ ನಂಬರು! ಇನ್ನೇನು ಬೇಕು? (ವಾಟ್ಸಾಪಿನಲ್ಲಿ ನಾವು ದಿನಾ ತೀರ್ಪು ಕೊಡುವುದೂ ಹೀಗೇ ಅಲ್ಲವೇ? ಅದೊಂದು ಚಿತ್ರ, ಇದೊಂದು ಚಿತ್ರ. ನಡುವೆ ಏನಾಯಿತೆಂದು ಯಾರು ಕೇಳುತ್ತಾರೆ?)

ನಾನು ಲಕ್ಕವ್ವನಂತೆ ಕುಂಟುತ್ತಾ ಬುಟ್ಟಿಯ ತನಕ ನಡೆದು ತೋರಿಸಿದೆ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ.

"ನಾಳಿಂದ ಆಕಿ ಕುರಿ ಬ್ಯಾರೆ, ನಮ್ಮ ಕುರಿ ಬ್ಯಾರೆ."

ನಗು ನಿಂತಿತು. ಆ ಕಾಲಿನಲ್ಲಿ ಲಕ್ಕವ್ವ ಕುರಿಯ ಹಿಂದೆ ಅಡವಿ ಅಲೆಯಲಾರರು. ಹಿಂಡು ಒಡೆದರೆ ಕುರಿ ಮಾರಬೇಕು, ಅಷ್ಟೇ.

ಅಲ್ಲೇ ನಿಂತಿದ್ದ ಲಕ್ಕವ್ವ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ನಂಬರು ಓದಲು ಅವರಿಗೆ ಬಾರದು. ಸೆರಗಿನಿಂದ ಸ್ಕ್ರೀನ್ ಒರೆಸಿ, ಎರಡೂ ಫೋಟೊಗಳನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಆಮೇಲೆ ನನ್ನನ್ನು ಕೇಳಿದರು:

"ತಮ್ಮಾ, ಇದರಾಗ ಬುಟ್ಟಿ ನೆರಳು ಬೇವಿನ ಗಿಡದ ಕಡಿ ಐತಿ, ಇದರಾಗ ಗ್ವಾಡಿ ಕಡಿ ಐತಿ. ನಾ ಬಗ್ಗಿ ಏಳೂದ್ರಾಗ ಹೊತ್ತು ನೆತ್ತಿ ದಾಟಿತೇನು?"