ಇವತ್ತು ಮನೆ ಯಾವ ದಡದಲ್ಲಿ

ಕೊಬ್ಬರಿ ಎಣ್ಣೆ ಕಾಯಿಸುತ್ತಿದ್ದೆ. ಗುಬ್ಬಿಯಿಂದ ನಾದಿನಿ ಕಳಿಸಿದ ಗಾಣದ ಎಣ್ಣೆ, ತಳದಲ್ಲಿ ಸ್ವಲ್ಪ ಕಮಟು ಹಿಡಿದಿತ್ತು. ವೀಳ್ಯದೆಲೆ ಹರಿದು ಹಾಕಿ ಸಣ್ಣ ಉರಿಯಲ್ಲಿಟ್ಟರೆ ಸರಿಹೋಗುತ್ತದೆ. ಆ ವಾಸನೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಕುಣಿಗಲ್ ಕೆರೆ. ಅಪ್ಪ ರಾಳ ಕರಗಿಸಿ, ಕೊಬ್ಬರಿ ಎಣ್ಣೆಗೆ ಬೆರೆಸಿ ದೋಣಿಯ ಹಲಗೆ ಸಂದಿಗೆ ಬಳಿಯುತ್ತಿದ್ದಾಗ ಏಳುತ್ತಿದ್ದ ವಾಸನೆ ಅದು. ಅಷ್ಟರಲ್ಲಿ ಫೋನ್ ಬಂತು. ಕುಣಿಗಲ್ಲಿನಿಂದ ಸೋದರಮಾವನ ಮಗ ಶಿವಣ್ಣ. "ಗಿರಿಜಕ್ಕ, ಬೆಳಗಿನ ಜಾವದ ಗಾಳಿಗೆ ನಮ್ ಹೊಲದ ಹುಣಸೆಮರ ಬಿದ್ದೋಯ್ತು ಕಣಕ್ಕ. ದೋಣಿ ಮೇಲೇ ಬಿದ್ದದೆ. ಒಂದ್ ಹಲಗೆನೂ ನೆಟ್ಟಗಿಲ್ಲ." ಆಮೇಲೆ, "ನಿಮ್ಮಪ್ಪಂಗೆ ನೀನೇ ಹೇಳು, ನನ್ ಕೈಲಾಗಲ್ಲ" ಅಂದ. ಮರದ ಕೆಳಗೆ ದನ ಕಟ್ಟಿರಲಿಲ್ಲವಂತೆ, ಯಾರೂ ಮಲಗಿರಲಿಲ್ಲವಂತೆ. ಶಿವ ಅಷ್ಟು ಕರುಣೆ ತೋರಿಸಿದ. ಪೂಜೆ ಮುಗಿದು, ಅಪ್ಪನ ತಿಂಡಿಯೂ ಆದಮೇಲೆ ಸುದ್ದಿ ಬಂತು, ಅದೂ ಒಂದು ಪುಣ್ಯವೇ. ಒಲೆ ಆರಿಸಿ ಅಲ್ಲೇ ನಿಂತೆ. ಕಿಟಕಿಯಾಚೆ, ಕ್ಯಾತ್ಸಂದ್ರದ ನಮ್ಮ ಪುಟ್ಟ ಹಿತ್ತಲಲ್ಲಿ ಅಪ್ಪ ಹತ್ತಿ ಹೊಸೆಯುತ್ತ ಕೂತಿದ್ದ. ಹಲಗೆಗಳ ಸಂದಿಗೆ ತುರುಕುವ ಹತ್ತಿ ಹುರಿ. ಅವ್ವ ತೀರಿಕೊಂಡು ಅವನು ನಮ್ಮನೆಗೆ ಬಂದಾಗಿನಿಂದ ಅದೇ ಕೆಲಸ. ಬರುವ ಶ್ರಾವಣಕ್ಕೆ ದೋಣಿಯನ್ನು ಮತ್ತೆ ರಿಪೇರಿ ಮಾಡಿ ನೀರಿಗಿಳಿಸುತ್ತೇನೆ ಅನ್ನುವ ಒಂದೇ ಮಾತಿನ ಮೇಲೆ ಅವನು ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುತ್ತಿದ್ದ. ಈಗ ಅದನ್ನು ನಾನು ಕಿತ್ತುಕೊಳ್ಳಬೇಕಾಗಿತ್ತು.

ನಾನು ಚಿಕ್ಕವಳಿದ್ದಾಗ ಅಪ್ಪ ಲಾರಿ ಡ್ರೈವರ್. ಗುಬ್ಬಿಯ ಕಾಯಿ ಮಂಡಿಯಿಂದ ಮಂಗಳೂರಿಗೆ ತೆಂಗಿನಕಾಯಿ ಹೊಡೆಯುತ್ತಿದ್ದ. ಎಂದೂ ಒಂದು ಕಡೆ ಕೂತವನಲ್ಲ. ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಮಂಡಿಯ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ನಾವು ಮೂರು ಜನ ಇದ್ದೆವು. ಒಂದು ಸಲ ಖಾಲಿ ಲಾರಿ ವಾಪಸು ಬರುವಾಗ, ಹೊಳೆ ದಂಡೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೇ ಹಾಯಿದೋಣಿಯನ್ನು ಕೇಳಿಕೊಂಡು ಹೇರಿಸಿಕೊಂಡು ಬಂದ. ಲಾರಿಯ ಹಿಂದೆ ಅದರ ಮೂತಿ ಮಾರುದ್ದ ಚಾಚಿತ್ತು. ಕುಣಿಗಲ್ಲಿನ ದೊಡ್ಡ ಕೆರೆ ಏರಿ ಪಕ್ಕ ಸೋದರಮಾವನ ಹೊಲದಲ್ಲಿ ಇಳಿಸಿದಾಗ ನೋಡಲು ಬಂದ ಜನವೇ ಜನ. "ಏನ್ಲಾ, ಲಿಂಗ ಕಟ್ಕೊಂಡೋನು ಮೀನ್ ಹಿಡಿಯಾಕೆ ಹೊಂಟಿದ್ದೀಯ?" ಅಂತ ಒಬ್ಬರು ಕೆಣಕಿದರು. "ಮೀನು ನನ್ನ ಹಿಡೀದಿದ್ರೆ ಸಾಕು ಬುಡಣ್ಣ" ಅಂದ ಅಪ್ಪ. ಅವ್ವ ಮಾತ್ರ ನಗಲಿಲ್ಲ. "ಮನೆ ಕಟ್ಟಿಸ್ತಾನೆ ಅಂತ ಕಾದೆ, ತೊಟ್ಟಿಲು ತಂದವ್ನೆ" ಅಂದಳು. ಆದರೂ ಲಾರಿಯ ಹಳೇ ಟಾರ್ಪಾಲನ್ನು ಕತ್ತರಿಸಿ, ದಬ್ಬಳದಿಂದ ಹಾಯಿ ಹೊಲಿದವಳು ಅವಳೇ. ಅಪ್ಪ ಕೊಳೆತ ಹಲಗೆ ತೆಗೆದು ಹಲಸಿನ ಹಲಗೆ ಕೂರಿಸಿದ, ಸಂದಿಗೆ ಹತ್ತಿ ತುರುಕಿದ, ರಾಳ ಬಳಿದ. ನಾನು ಎಣ್ಣೆ ಡಬ್ಬಿ ಹಿಡಿದುಕೊಂಡು ಅವನ ಹಿಂದೆ ಹಿಂದೆ ಸುತ್ತುತ್ತಿದ್ದೆ.

ದೋಣಿ ಸಿದ್ಧವಾಗುವ ಹೊತ್ತಿಗೆ ಆಷಾಢ ಹುಟ್ಟಿತು. ಬಾಡಿಗೆ ಕೋಣೆ ಬಿಟ್ಟು ದೋಣಿಯಲ್ಲೇ ಇರೋಣ ಅಂತ ಅಪ್ಪ ಹೊರಟರೆ, ಈಗ ಬೇಡವೆಂದು ಅವ್ವ ಹಟ ಹಿಡಿದು ಕೂತುಬಿಟ್ಟಳು. ಸಂಸಾರ ಹೂಡುವುದಾದರೆ ಅದು ಮನೆ, ಆಷಾಢದಲ್ಲಿ ಯಾರಾದರೂ ಹೊಸ ಮನೆಗೆ ಕಾಲಿಡುತ್ತಾರೆಯೇ? ಅಪ್ಪ ಏರಿ ಮೇಲೆ ನಿಂತು ಕೆರೆ ನೋಡುತ್ತಿದ್ದ. ಹಾಯಿಗೆ ಹೇಳಿ ಮಾಡಿಸಿದಂಥ ಗಾಳಿ. "ಗಾಳಿಗೆ ಪಂಚಾಂಗ ಓದಕ್ ಬತ್ತದಾ?" ಅಂತ ಗೊಣಗಿದರೂ ಅವ್ವನ ಮಾತು ಮೀರಲಿಲ್ಲ. ಆ ತಿಂಗಳೆಲ್ಲ ದೋಣಿ ಗರಿ ಚಪ್ಪರದ ಕೆಳಗೆ ಒಣ ದಡದಲ್ಲೇ ಇತ್ತು. ನಮ್ಮ ಕಡೆಯವರಿಗೆ ಗೊತ್ತಿರುವುದು ಬಾಗಿಲು, ಕಿಟಕಿ, ನೇಗಿಲು. ಮರ ಒಣಗಿದಷ್ಟೂ ಒಳ್ಳೆಯದು ಎಂದೇ ನಾವು ತಿಳಿದಿದ್ದೆವು. ಜಡಿ ಮಳೆಯ ಹನಿ ಬಿದ್ದರೆ ಅವ್ವ ಸೆರಗಿನಲ್ಲಿ ಒರೆಸುತ್ತಿದ್ದಳು.

ಶ್ರಾವಣದ ಮೊದಲ ಸೋಮವಾರ ಕಳಶ ಇಟ್ಟು, ಮಾವಿನ ತೋರಣ ಕಟ್ಟಿ ದೋಣಿಯನ್ನು ನೂಕಿದರು. ಮರಳು ಹರಡಿದ ತಟ್ಟೆಯ ಮೇಲೆ ಒಲೆ ಹೂಡಿ ಅವ್ವ ಹಾಲಿಟ್ಟಳು. ಮೇಲೆ ಹಾಲು ಉಕ್ಕುತ್ತಿರುವಾಗಲೇ ಕೆಳಗಿನಿಂದ ನೀರು ಉಕ್ಕಿತು. ಒಣಗಿ ಕುಗ್ಗಿದ ಹಲಗೆಗಳ ಒಂದೊಂದು ಸಂದಿಯಲ್ಲೂ ಕೆರೆ ಒಳಗೆ ಬರುತ್ತಿತ್ತು. ದೋಣಿ ಮೆಲ್ಲಗೆ ಅಂಚಿನವರೆಗೂ ಕೂತುಬಿಟ್ಟಿತು. ಅವ್ವ ಸೊಂಟದ ಮಟ್ಟ ನೀರಿನಲ್ಲಿ ಕಳಶವನ್ನು ಎತ್ತಿ ಹಿಡಿದು ನಿಂತಿದ್ದಳು. ಏರಿ ಮೇಲಿನವರು ನಕ್ಕಿದ್ದೇ ನಕ್ಕಿದ್ದು. ಅಪ್ಪ ತಲೆ ತಗ್ಗಿಸಿಕೊಂಡು, ನಾಳೆಯಿಂದ ಲಾರಿಗೇ ಹೋಗುತ್ತೇನೆ ಅಂದ. ಅವನ ಮೊಣಕಾಲು ಅಂದು ಅಲ್ಲಾಡಲಿಲ್ಲ. ಅದನ್ನು ನೋಡಿಯೇ ಇರಬೇಕು, ಒದ್ದೆ ಸೀರೆ ಹಿಂಡುತ್ತ ಅವ್ವ ಹೇಳಿದಳು: "ಒಣಗಿ ಬಿರುಕು ಬಿಟ್ಟಿರೋ ಮರದ ಮರಿಗೆನ ನೀರಲ್ ನೆನೆ ಹಾಕಲ್ವಾ? ಹಂಗೇ ಬುಡು ಇದ್ನ. ಉಬ್ಕೊಳ್ಳಲಿ." ಒಂದು ವಾರ ದೋಣಿ ಮುಳುಗಿಯೇ ಇತ್ತು. ಆಮೇಲೆ ನೀರು ಮೊಗೆದರೆ ಹಲಗೆಗಳು ಒಂದನ್ನೊಂದು ಕಚ್ಚಿಕೊಂಡಿದ್ದವು. ಒಂದು ತೊಟ್ಟೂ ಒಳಗೆ ಬರಲಿಲ್ಲ.

ಮುಂದಿನ ಬೇಸಿಗೆಯವರೆಗೆ ನಮ್ಮ ಮನೆ ಅದೇ. ಹಾಯಿಕಂಬದ ಹಗ್ಗದಲ್ಲಿ ಬಟ್ಟೆ ಒಣಗುತ್ತಿದ್ದವು, ಗಾಳಿ ಬಂದರೆ ಪಾತ್ರೆಗಳು ತಾವೇ ಜಾಗ ಬದಲಿಸುತ್ತಿದ್ದವು. ಅವ್ವ ಹಲಗೆಯ ಮೇಲೆ ರಂಗೋಲಿ ಹಾಕಿ, ಇಷ್ಟಲಿಂಗ ಕೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ, ಕೆರೆ ಅವಳನ್ನು ಒಂದಿಷ್ಟು ತೂಗುತ್ತಿತ್ತು. ಅಪ್ಪ ಲಾರಿ ಕೆಲಸ ಕಡಿಮೆ ಮಾಡಿ, ಆಚೆ ದಡದಿಂದ ಹುಲ್ಲು, ಕಾಯಿ ಸಾಗಿಸುತ್ತಿದ್ದ. ಸ್ಕೂಲಿನಲ್ಲಿ ಹುಡುಗಿಯರು, "ಇವತ್ತು ನಿಮ್ಮನೆ ಎಲ್ಲೈತೆ?" ಅಂತ ಕೇಳುತ್ತಿದ್ದರು. ತಮಾಷೆಗೆ ಕೇಳಿದರೂ ನನಗೂ ಗೊತ್ತಿರುತ್ತಿರಲಿಲ್ಲ. ಸಂಜೆ ಏರಿ ಹತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಆ ಕಂದು ಹಾಯಿ ಯಾವ ದಡದಲ್ಲಿದೆ ಎಂದು ಹುಡುಕಬೇಕಿತ್ತು. ಕಂಡರೆ ಸರಿ, ಕಾಣದಿದ್ದರೆ ಏರಿಯುದ್ದಕ್ಕೂ ಓಡುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷವಾದರೂ, ಸಂತೆ ಮುಗಿಸಿ ನಮ್ಮ ಬೀದಿಗೆ ತಿರುಗುವಾಗ ಮನೆ ಅಲ್ಲೇ ಇದೆಯೇ ಎಂದು ಒಮ್ಮೆ ತಲೆಯೆತ್ತಿ ನೋಡುತ್ತೇನೆ. ನಿಮ್ಮಲ್ಲೂ ಕೆಲವರಿಗೆ ಇಂಥ ಅಭ್ಯಾಸ ಇರಬಹುದು. ಕಳೆದುಹೋದ ಮನೆಯೊಂದು ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಬೇಸಿಗೆ ಕೆರೆ ಬತ್ತಿ, ದೋಣಿ ಕೆಸರಿನಲ್ಲಿ ಒಂದು ಮಗ್ಗುಲಿಗೆ ವಾಲಿತು. ಮರು ವರ್ಷ ಮಳೆ ಸರಿಯಾಗಿ ಆಗಲಿಲ್ಲ. ನಾವು ತುಮಕೂರಿಗೆ ಬಂದೆವು. ಅಪ್ಪ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರ ವ್ಯಾನ್ ಓಡಿಸಿದ. ದೋಣಿಯನ್ನು ಮಾವನ ಹೊಲದ ಹುಣಸೆಮರದಡಿ ಬೋರಲು ಹಾಕಿದರು. ಈಚೆಗೆ ಕೆರೆಗೆ ನಾಲೆ ನೀರು ಬರುತ್ತದೆ ಎಂದು ಕೇಳಿದಾಗಿನಿಂದ ಅಪ್ಪನಿಗೆ ಮತ್ತೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಹಿತ್ತಲಿಗೆ ಹೋಗಿ, ಸುತ್ತಿ ಬಳಸದೆ ಹೇಳಿದೆ. "ಅಪ್ಪ, ಹುಣಸೆಮರ ಬಿದ್ದೋಗದೆ. ದೋಣಿ ಮೇಲೆ."

ಹೊಸೆಯುತ್ತಿದ್ದ ಕೈ ನಿಂತಿತು. "ಎಲ್ಲಾನಾ?"

"ಎಲ್ಲಾ ಅಂತೆ."

ಎದ್ದ. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋದ. ಕುಣಿಗಲ್ ಬಸ್ಸಿಗೆ ಹೊರಟನೇನೋ ಅಂದುಕೊಂಡು ನಾನೂ ಸೆರಗು ಸರಿಮಾಡಿಕೊಂಡೆ. ಚಿಲಕ ತೆಗೆದ, ಹಾಕಿದ, ಮತ್ತೆ ತೆಗೆದ. ಬೀದಿಯ ಈ ತುದಿ ಆ ತುದಿ ನೋಡಿ, ಎಲ್ಲಿಗೂ ಹೋಗದೆ ತಿರುಗಿ ಬಂದು ಮೆಟ್ಟಿಲ ಮೇಲೆ ಕೂತ.

"ನಾಳೆ ಬೆಳಿಗ್ಗೆ ಎದ್ದು ಏನ್ ಮಾಡ್ಲವ್ವ ನಾನು?" ಅಂದ.

ಒಳಗಿಟ್ಟುಕೊಳ್ಳದೆ ಬಾಯಿಬಿಟ್ಟು ಕೇಳಿದನಲ್ಲ, ಅದೇ ಒಂದು ಪುಣ್ಯ ಅಂದುಕೊಂಡೆ. ಅವನ ಪಕ್ಕ ಕೂತೆ. ಆಮೇಲೆ ಹೊತ್ತಾಯಿತೆಂದು ಎದ್ದು ಒಳಗೆ ಹೋಗಿ, ಮುದ್ದೆಗೆ ಎಸರಿಟ್ಟೆ.