ಕಪ್ಪು ಬಟ್ಟೆ ಬಂದ ದಿನ

ಆಪಾ ಅವರ ಹತ್ತು ಬೆರಳ ತುದಿಗಳೂ ಬೆಳ್ಳಗೆ ಸುಕ್ಕುಗಟ್ಟಿದ್ದವು. ರಾಮನಗರದಲ್ಲಿ ಅಪ್ಪನ ಜೊತೆ ರೇಷ್ಮೆ ಗೂಡು ಬಿಚ್ಚುವ ಬಿಸಿನೀರಿನ ತೊಟ್ಟಿಗೆ ಕೈ ಹಾಕಿಕೊಂಡೇ ಬೆಳೆದವರು. ಆ ಬೆರಳುಗಳನ್ನು ಹೊಲಿಗೆಯ ಮೇಲೆ ಒಮ್ಮೆ ಎಳೆದರೆ ಸಾಕು, ಎಲ್ಲಿ ಸೊಟ್ಟ ಹೋಗಿದೆ ಅಂತ ಹೇಳಿಬಿಡುತ್ತಿದ್ದರು. ಬಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. ನಾವು ಅದನ್ನೊಂದು ದೊಡ್ಡ ವಿದ್ಯೆ ಅಂದುಕೊಂಡಿದ್ದೆವು.

ಹಾರೋಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ಯಾಂಟು ಹೊಲಿಯುವ ನಮ್ಮ ಲೈನಿಗೆ ಅವರು ಇನ್‌ಚಾರ್ಜ್. ಕಬ್ಬಾಳಿನ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ನನ್ನಂಥವರಿಗೂ ಅವರು ಆಪಾನೇ, ಅಂದರೆ ಅಕ್ಕ. ಪಕ್ಕದ ಲೈನಿನಲ್ಲಿ ಬೆಳಗ್ಗೆ ಬೆಲ್ ಹೊಡೆಯುವ ಮೊದಲೇ ಬೈಗುಳ ಶುರುವಾಗುತ್ತಿತ್ತು. ನಮ್ಮ ಆಪಾ ಒಂದೊಂದು ಮಿಷನ್ನಿನ ಹತ್ತಿರ ನಿಂತು, "ಉಂಡ್ಯಾ? ನಿದ್ದೆ ಬಂತಾ?" ಅಂತ ಕೇಳಿಕೊಂಡು ಹೋಗುತ್ತಿದ್ದರು. ಉತ್ತರದ ದನಿಯಲ್ಲೇ ಯಾರಿಗೆ ಮೈ ಸರಿಯಿಲ್ಲ ಅಂತ ತಿಳಿದು, ಅವಳನ್ನು ದಾರ ಕತ್ತರಿಸುವ ಹಗುರ ಕೆಲಸಕ್ಕೆ ಕೂರಿಸುತ್ತಿದ್ದರು. ಹಾಗಂತ ಬೆಣ್ಣೆಯಂಥ ಹೆಂಗಸೇನಲ್ಲ. ಹರಟುತ್ತ ಕೂತವರ ಜನ್ಮ ಜಾಲಾಡಿಬಿಡುತ್ತಿದ್ದರು. ಮಧ್ಯಾಹ್ನ ಅದೇ ಬಾಯಿಗೆ ನನ್ನ ಡಬ್ಬಿಯ ಮುದ್ದೆ ಹಾಕಿಕೊಂಡು, "ನಿನ್ ಉಪ್ಸಾರಿನ ಮುಂದೆ ನಮ್ ಬಿರಿಯಾನಿ ಏನೂ ಅಲ್ಲ ಕಣೇ" ಅನ್ನುತ್ತಿದ್ದರು.

ನಲವತ್ತು ದಾಟಿದ ಮೇಲೆ ನನಗೆ ಹತ್ತಿರದ್ದೆಲ್ಲ ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲು ಪಕ್ಕದವಳನ್ನು ಗೋಗರೆಯುತ್ತಿದ್ದೆ. ಕನ್ನಡಕ ಕೊಂಡಿದ್ದೆ, ಆದರೆ ಅದು ಚೀಲದ ತಳದಲ್ಲೇ ಇರುತ್ತಿತ್ತು. ಕಣ್ಣು ಮಂದವಾದವರನ್ನು ಕೆಲಸದಿಂದ ತೆಗೆದುಬಿಡುತ್ತಾರೆ ಅನ್ನುವ ಮಾತು ಫ್ಯಾಕ್ಟರಿಯಲ್ಲೆಲ್ಲ ಓಡಾಡುತ್ತಿತ್ತು. ಯಾರನ್ನು ತೆಗೆದರು, ಯಾವಾಗ ತೆಗೆದರು ಅಂತ ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ. ಮಗಳು ಕನಕಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು, ಮನೆ ನಡೆಯುತ್ತಿದ್ದದ್ದು ನನ್ನ ದುಡಿಮೆಯಿಂದಲೇ.

ಬಿಳಿ, ಖಾಕಿ ಬಟ್ಟೆ ಬಂದಾಗ ಹೇಗೋ ನಿಭಾಯಿಸಿದೆ. ಒಂದು ದಿನ ಕಪ್ಪು ಬಟ್ಟೆ, ಕಪ್ಪು ದಾರ ಬಂತು. ಅಂದಾಜಿನಲ್ಲೇ ಹೊಲಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಬಂಡಲ್ ಚೆಕಿಂಗ್ ಟೇಬಲ್ಲಿನಿಂದ ವಾಪಸ್ಸು ಬಂತು. ಹೊಲಿಗೆ ಅಂಚು ಬಿಟ್ಟು ಎಲ್ಲೆಲ್ಲೋ ಓಡಿತ್ತು. ಬಂಡಲ್ ಚೀಟಿಯಲ್ಲಿ ನನ್ನ ನಂಬರ್. ಮ್ಯಾನೇಜರ್ ಆ ಚೀಟಿ ಹಿಡಿದುಕೊಂಡು ಬಂದು, "ಯಾರಮ್ಮ ಇದು?" ಅಂತ ಕೂಗಿದರು. ಕೆಲಸ ಹೋಯಿತು ಅಂತಲೇ ತಿಳಿದೆ.

ಆಪಾ ಅಡ್ಡ ಬಂದರು. "ಹೊಲ್ದಿದ್ದು ಅವ್ಳು ಸಾರ್, ತಪ್ಪು ನಂದು. ಸೂಜಿ ಪೋಣ್ಸಕ್ಕೂ ಪಕ್ಕದೋಳ್ನ ಕರೀತಾಳೆ, ಕಣ್ಣು ಮಂಜಾಗೈತೆ. ಗೊತ್ತಿದ್ದೂ ಕಪ್ಪು ಬಟ್ಟೆ ಕೊಟ್ಬುಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಎಲ್ಲರೆದುರು ಹೇಳಿಬಿಟ್ಟರಲ್ಲ! ಅಷ್ಟರಲ್ಲಿ ಆಪಾ ತಮ್ಮ ಚೀಲಕ್ಕೆ ಕೈ ಹಾಕಿ, ಒಂದು ಕನ್ನಡಕ ತೆಗೆದು ಹಾಕಿಕೊಂಡರು.

"ನಂಗೂ ಕಾಣ್ಸಲ್ಲ ಸಾರ್. ಎರಡು ವರ್ಸದಿಂದ ಬೆರಳಲ್ಲೇ ನೋಡ್ಕಂಡು ಬಂದಿವ್ನಿ. ತೆಗೆಯಂಗಿದ್ರೆ ಮೊದ್ಲು ನನ್ನ ತೆಗೀರಿ."

ಅಕ್ಕಪಕ್ಕದ ಮಿಷನ್ನುಗಳು ನಿಂತವು. ಮ್ಯಾನೇಜರ್ ಕಕ್ಕಾಬಿಕ್ಕಿಯಾಗಿ, "ಕನ್ನಡಕ ಹಾಕ್ಕೋಬೇಡಿ ಅಂತ ನಿಮಗೆ ಹೇಳಿದ್ದು ಯಾರು?" ಅಂದರು. ಹಾಗೆ ಹೇಳಿದವರು ಯಾರೂ ಇರಲಿಲ್ಲ. "ಹಾಕ್ಕೊಂಡು ನೆಟ್ಟಗೆ ಹೊಲೀರಮ್ಮ. ನಾಳೆಗೆ ಇದನ್ನ ಬಿಚ್ಚಿ ಸರಿಮಾಡಿ ಕೊಡಿ," ಅಂತ ಚೀಟಿ ಇಟ್ಟು ಹೋದರು. ಅಷ್ಟೇ. ಎದೆಯ ಮೇಲಿನ ಭಾರ ಇಳಿದು ಜೋರಾಗಿ ಅತ್ತುಬಿಟ್ಟೆ. ಆ ವಾರ ನಮ್ಮ ಲೈನಿನ ಚೀಲಗಳ ತಳದಿಂದ ಇನ್ನೂ ಏಳು ಕನ್ನಡಕ ಹೊರಬಂದವು.

ಆಪಾ ಹೋದ ವರ್ಷ ತೀರಿಕೊಂಡರು. ಅವರ ಜಾಗದಲ್ಲಿ ಈಗ ನಾನಿದ್ದೇನೆ. ಅವರಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ ಅಂತ ಲೈನಿನ ಹೆಂಗಸರು ಈಗಲೂ ಹೇಳಿಕೊಳ್ಳುತ್ತಾರೆ. ಆವತ್ತು ಮ್ಯಾನೇಜರ್ ಅತ್ತ ಹೋದ ಮೇಲೆ ಆಪಾ ನನ್ನ ಚೀಲದಿಂದ ಕನ್ನಡಕವನ್ನು ತಾವೇ ತೆಗೆದು ನನ್ನ ಮೂಗಿನ ಮೇಲೆ ಕೂರಿಸಿದ್ದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಹತ್ತಿರದಿಂದ ಸರಿಯಾಗಿ ಕಂಡಿತು. ಹಣೆಯೆಲ್ಲ ಬೆವರು, ತುಟಿ ಅದುರುತ್ತಿತ್ತು. ಅವರ ಮನೆಯೂ ಅವರ ಕೆಲಸದ ಮೇಲೇ ನಿಂತಿತ್ತು. ಅವರೂ ನನ್ನಷ್ಟೇ ಹೆದರಿದ್ದರು.